ಅವನ ಕೈಗೆ ಏನಾಗ್ಯದ್ರಿ?

ನನ್ನನ್ನು ಅಲ್ಲಿಗೆ ಕರೆದದ್ದು ಮಕ್ಕಳ ಊಟದ ಬಗ್ಗೆ ನನಗೇನೋ ಗೊತ್ತಿದೆ ಅಂತ ಅಲ್ಲ. ಕನ್ನಡ ಗೊತ್ತಿದೆ ಅಂತ.

ನಮ್ಮ ಮನೆ ಪುಣೆಯ ವಾರ್ಜೆಯಲ್ಲಿದೆ. ಧಾರವಾಡದಿಂದ ಮದುವೆಯಾಗಿ ಬಂದು ಹದಿನಾರು ವರ್ಷ ಆಯಿತು. ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಮೂರು ದೊಡ್ಡ ಟವರ್ ಏಳುತ್ತಿವೆ. ಅವುಗಳ ಹಿಂದೆ ತಗಡಿನ ಶೆಡ್ಡುಗಳ ಲೇಬರ್ ಕ್ಯಾಂಪು. ಅಲ್ಲಿ ಅರ್ಧಕ್ಕರ್ಧ ಜನ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಎಷ್ಟೋ ಮಂದಿ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಗಂಟುಮೂಟೆ ಸಮೇತ ಬಂದಿಳಿದವರು. ಮಕ್ಕಳ ತೂಕ ನೋಡಲು ಬರುವ ಡಾಕ್ಟರ್ ಮೇಡಂ ಮರಾಠಿಯವರು. ಅಂಗನವಾಡಿ ತಾಈ ಕೂಡ ಮರಾಠಿಯವರು. ಅಮ್ಮಂದಿರಿಗೆ ಬರುವುದು ಕನ್ನಡ, ಕೆಲವರಿಗೆ ಲಂಬಾಣಿ. ನಮ್ಮ ಸೊಸೈಟಿಯ ಒಬ್ಬರು, 'ನಿಮಗೆ ಕನ್ನಡ ಬರುತ್ತಲ್ಲ, ಹತ್ತು ಭಾನುವಾರ ಬನ್ನಿ ಸಾಕು' ಅಂದರು. ಹೋದೆ.

ಭಾಷೆಯ ತೊಡಕು 'ತಾಈ' ಅನ್ನುವ ಪದದಿಂದಲೇ ಶುರುವಾಯಿತು. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ನಮ್ಮ ಹೆಂಗಸರ ಕಿವಿಗೆ ಅದು ತಾಯಿ. 'ಅಕಿ ಯಾರ ತಾಯಿ?' ಅಂತ ಒಬ್ಬ ಅಜ್ಜಿ ಗಂಭೀರವಾಗಿ ಕೇಳಿದರು.

ಆಮೇಲೆ ಡಾಕ್ಟರ್ ಮಾತಾಡಿದರು, ನಾನು ಕನ್ನಡಕ್ಕೆ ತಂದೆ: 'ಮಕ್ಕಳಿಗೆ ಪೌಷ್ಟಿಕ ಆಹಾರ ಕೊಡಬೇಕು.' ಎಲ್ಲರೂ ತಲೆ ಆಡಿಸಿದರು. ಹಿಂದೆ ಕೂತಿದ್ದ ಒಬ್ಬಳು ಪಕ್ಕದವಳನ್ನು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು: 'ಅದು ಯಾವ ಅಂಗಡ್ಯಾಗ ಸಿಗ್ತದ?'

ಮೊದಲು ನಗು ಬಂತು. ಆಮೇಲೆ ನಾಚಿಕೆ ಆಯಿತು. ಜೋಳದ ರೊಟ್ಟಿ ತಿಂದು ಬೆಳೆದ ನಾನು ಗೋಡೆಗೆ ಅಂಟಿಸುವ ಸರ್ಕಾರಿ ಪೋಸ್ಟರಿನ ಕನ್ನಡ ಯಾಕೆ ಮಾತಾಡುತ್ತಿದ್ದೆ? ಮತ್ತೆ ಕೇಳಿದೆ: 'ರೊಟ್ಟಿ, ಬ್ಯಾಳಿ, ತಪ್ಪಲಪಲ್ಯ, ಶೇಂಗಾ. ಇದ್ರಾಗ ನಿನ್ನೆ ನಿಮ್ಮ ಕೂಸಿನ ಹೊಟ್ಟಿಗೆ ಏನೇನು ಹೋತು?' ಆಗ ಬಾಯಿ ಬಿಟ್ಟರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಎಲ್ಲರ ಉತ್ತರದಲ್ಲೂ ಬಂದ ಒಂದೇ ಒಂದು ಪದಾರ್ಥ ನಾನು ಹೇಳಿದ ಪಟ್ಟಿಯಲ್ಲೇ ಇರಲಿಲ್ಲ. ಚಾ-ಬಿಸ್ಕೀಟು.

ಅವತ್ತು ನಾನು ಕಲಿತದ್ದು ತೋಳಿನ ಪಟ್ಟಿ ಸುತ್ತುವುದು. ತೋಳಿನ ಸುತ್ತಳತೆ ನೋಡಿ ಮಗು ಸೊರಗಿದೆಯಾ ಅಂತ ಹೇಳುವ ಮೂರು ಬಣ್ಣದ ಪಟ್ಟಿ ಅದು. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಿಗೆ ಅದನ್ನು ಸುತ್ತುತ್ತಾರೆ. ಎಡಗೈ. ಭುಜದ ತುದಿಯಿಂದ ಮೊಣಕೈವರೆಗೆ ಅಳೆದು ಸರಿಯಾಗಿ ನಡುವೆ ಪೆನ್ನಿನಿಂದ ಒಂದು ಚುಕ್ಕಿ ಇಡಬೇಕು. ಕೈ ಇಳಿಬಿಡಿಸಿ ಚುಕ್ಕಿಯ ಮೇಲೆ ಪಟ್ಟಿ ಸುತ್ತಬೇಕು. ಬಿಗಿ ಮಾಡಿದರೆ ಚರ್ಮ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಸಂದಿ ಉಳಿಯುತ್ತದೆ. ಎರಡೂ ತಪ್ಪು ಲೆಕ್ಕ. 12.5 ಸೆಂಟಿಮೀಟರ್ ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಹಸಿರು. 11.5ರಿಂದ 12.5ರ ಒಳಗೆ ಹಳದಿ. 11.5ಕ್ಕಿಂತ ಕಡಿಮೆ ಅಂದರೆ ಕೆಂಪು. ಕೆಂಪು ಬಂದರೆ ಭಾಷಣ ಇಲ್ಲ, ನೇರ ಆಸ್ಪತ್ರೆ. ಹಳದಿ ತೋಳಿನ ಸುತ್ತ ನನ್ನ ಹೆಬ್ಬೆರಳು, ತೋರುಬೆರಳು ಸಲೀಸಾಗಿ ಕೂಡುತ್ತವೆ. ಪಟ್ಟಿಯ ನಂಬರಿಗಿಂತ ಅದೇ ನನ್ನನ್ನು ಹೆಚ್ಚು ಕಾಡಿತು.

ಇಪ್ಪತ್ತಮೂರು ಮಕ್ಕಳನ್ನು ಅಳೆದೆವು. ಕೆಂಪು ಯಾರೂ ಇರಲಿಲ್ಲ, ಪುಣ್ಯ. ಹಳದಿ ಏಳು. ಡಾಕ್ಟರಿಗೆ ಆಶ್ಚರ್ಯ ಆಗಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 25.6ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕ ಇಲ್ಲದವರು. ನಾಲ್ವರಲ್ಲಿ ಒಬ್ಬರು! ಇಡೀ ದೇಶದ ಲೆಕ್ಕ ಶೇ. 19.3. ಶ್ರೀಮಂತ ರಾಜ್ಯ ಅಂತೀವಿ ಅಲ್ವಾ. ಅದರ ಟವರುಗಳ ಹಿಂದೆ ತಗಡಿನ ಶೆಡ್ಡುಗಳೂ ಇವೆ.

ಆ ಏಳು ಮಕ್ಕಳಲ್ಲಿ ಒಬ್ಬ ಎರಡೂವರೆ ವರ್ಷದ ಹುಡುಗ. ತೋಳು 12.1, ತೂಕ ಒಂಬತ್ತು ಕಿಲೋ ನಾನೂರು ಗ್ರಾಂ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಂದವಳು ಅವನ ಅಕ್ಕ. ಒಂಬತ್ತು ವರ್ಷ. ಅಪ್ಪ ಅವ್ವ ಎಲ್ಲಿ ಅಂದರೆ, ಸಂತೆಗೆ ಹೋಗ್ಯಾರ ಅಂದಳು. ಭಾನುವಾರ ರಜೆ, ಸಂತೆಯೂ ಅವತ್ತೇ. ನಾವು ಅಮ್ಮಂದಿರಿಗಾಗಿ ಅಂತ ಚಾಪೆ ಹಾಸಿದ್ದೆವು. ಅಮ್ಮಂದಿರಲ್ಲಿ ಅರ್ಧ ಜನ ಬಂದಿರಲಿಲ್ಲ. ಬಂದವರು ಅಜ್ಜಿಯರು, ಮತ್ತೆ ಇಂಥ ಅಕ್ಕಂದಿರು.

ಅವಳನ್ನು ಕೇಳಿದೆ, 'ದಿನಾ ಇವಂಗ ಉಣಿಸೋರು ಯಾರು?'

'ನಾನೇ ರೀ.'

'ಏನ್ ಉಣಿಸ್ತಿ?'

'ಮುಂಜಾನಿ ಅವ್ವ ಹೋಗೂವಾಗ ಚಾ ಮಾಡಿ ಇಟ್ಟಿರ್ತಾಳ. ಬಿಸ್ಕೀಟ ಎದ್ದಿ ಕೊಡ್ತೀನಿ. ಅಳ್ಳಾಕ ಹತ್ತಿದ್ರ ಅಪ್ಪ ಕೊಟ್ಟ ಹತ್ರುಪಾಯದಾಗ ಕುರುಕುರು ತರ್ತೀನಿ. ಮಧ್ಯಾಹ್ನ ರೊಟ್ಟಿ ಇರ್ತದ್ರಿ, ಅವಂಗ ಅಗಿಲಾಕ ಬರಂಗಿಲ್ಲ.'

'ಅನ್ನ ಬ್ಯಾಳಿ?'

'ಅವ್ವ ಒಲಿ ಹಚ್ಚಬ್ಯಾಡ ಅಂದಾಳ್ರಿ.'

ಅವ್ವ ಹೇಳಿದ್ದು ಸರಿಯಾಗೇ ಇತ್ತು. ತಗಡಿನ ಶೆಡ್ಡು, ಸೀಮೆಎಣ್ಣೆ ಸ್ಟೋವು, ಒಂಬತ್ತು ವರ್ಷದ ಹುಡುಗಿ. ನಾನೇ ಆಗಿದ್ದರೂ ಹಾಗೇ ಹೇಳುತ್ತಿದ್ದೆ.

ಅಷ್ಟು ಹೊತ್ತು ನಾವು ಬಿಸ್ಕೀಟನ್ನು ಬೈಯುತ್ತಿದ್ದೆವು. ಬೈಯಲು ಕಾರಣಗಳೂ ಇದ್ದವು. ನಾನು ಓದಿ ನೋಡಿದ ಪಾಕೀಟಿನಲ್ಲಿ ಸುಮಾರು ಕಾಲು ಭಾಗ ಸಕ್ಕರೆ. ಮೇಲಿಂದ ಚಹಾದಲ್ಲಿ ಇನ್ನಷ್ಟು. ಚಹಾದ ಒಗರಿನಿಂದ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ ಅಂತ ಅದೇ ಸಮೀಕ್ಷೆ ಹೇಳುತ್ತದೆ. ಅಂಥ ಮಕ್ಕಳಿಗೆ ಬೆಳಗಿನ ಹೊಟ್ಟೆಗೆ ಚಹಾ ಕುಡಿಸುವುದು ಅಂದರೆ ತೂತು ಕೊಡಕ್ಕೆ ನೀರು ಹೊತ್ತಂತೆ. ಇದೆಲ್ಲ ನಿಜ. ಆದರೆ ಆ ಹುಡುಗಿಯ ಜಾಗದಲ್ಲಿ ನಿಂತು ನೋಡಿದರೆ ಬಿಸ್ಕೀಟಿನಂಥ ತಿಂಡಿ ಇನ್ನೊಂದಿಲ್ಲ. ಒಲೆ ಬೇಡ, ಚಮಚ ಬೇಡ. ಕೆಡುವುದಿಲ್ಲ. ಕೈಯಲ್ಲಿ ಕೊಟ್ಟರೆ ಕೂಸು ಸುಮ್ಮನಾಗುತ್ತದೆ. ರುಚಿಗಿಂತ ಹೆಚ್ಚಾಗಿ ಈ ಅನುಕೂಲಕ್ಕೇ ಬಿಸ್ಕೀಟು ಗೆಲ್ಲುತ್ತಿತ್ತು. ನಾವು ಹೇಳುತ್ತಿದ್ದ ಬಿಸಿಬಿಸಿ ಖಿಚಡಿ, ಹಿಚುಕಿದ ತರಕಾರಿ ಅವಳ ಕೈಗೆ ನಿಲುಕುವ ಅಡುಗೆಯೇ ಅಲ್ಲ.

ಮಧ್ಯದಲ್ಲಿ ಒಂದು ಸಮಾರಂಭ ಆಯಿತು. ಅದನ್ನು ಹೇಳದೆ ಮುಂದೆ ಹೋಗಲಾರೆ. ಸೆಪ್ಟೆಂಬರ್ ಅಂದರೆ ದೇಶದಲ್ಲೆಲ್ಲ ಪೋಷಣ ಮಾಸ. 2018ರಲ್ಲಿ ಕೇಂದ್ರ ಸರ್ಕಾರದ ಪೋಷಣ್ ಅಭಿಯಾನ ಶುರುವಾದ ಮೇಲೆ ಬಂದ ರೂಢಿ ಇದು. ಬ್ಯಾನರ್ ಕಟ್ಟಿದರು. ರಂಗೋಲಿ ಹಾಕಿದರು. ತಟ್ಟೆಯಲ್ಲಿ ಕ್ಯಾರೆಟ್, ಅನ್ನ, ಮೆಂತ್ಯೆ ಸೊಪ್ಪು ಇಟ್ಟು ತಿರಂಗಾ ಥಾಳಿ ಮಾಡಿದರು. ಚೆನ್ನಾಗಿತ್ತು. ಮುಖ್ಯ ಅತಿಥಿಯೊಬ್ಬರು ಬಂದರು. ಸಮತೋಲನ ಆಹಾರದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಕೊನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಒಂದು ಕ್ರೀಮ್ ಬಿಸ್ಕೀಟಿನ ಪಾಕೀಟು, ಒಂದು ಮಾವಿನ ಜ್ಯೂಸಿನ ಡಬ್ಬಿ ಇಟ್ಟು ಫೋಟೊ ತೆಗೆಸಿಕೊಂಡರು. ಯಾರು ಅಂತ ಕೇಳಬೇಡಿ. ಡಾಕ್ಟರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅನುವಾದ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ವಾಪಸು ಬರುವಾಗ ಡಾಕ್ಟರ್ ಒಂದು ಕಥೆ ಹೇಳಿದರು. ನಡೆದದ್ದೇ. 1990ರ ಕೊನೆಗೆ ಜೆರಿ ಸ್ಟರ್ನಿನ್ ಅನ್ನುವವರು ಹೆಂಡತಿ ಮೋನಿಕ್ ಜೊತೆ ವಿಯೆಟ್ನಾಮಿಗೆ ಹೋದರು. ಸೇವ್ ದಿ ಚಿಲ್ಡ್ರನ್ ಸಂಸ್ಥೆಯ ಕೆಲಸ. ಹಳ್ಳಿ ಹಳ್ಳಿಯಲ್ಲಿ ಮಕ್ಕಳು ಸೊರಗಿದ್ದರು, ಇವರ ಕೈಯಲ್ಲಿ ದುಡ್ಡು ಕಡಿಮೆ, ಟೈಮೂ ಕಡಿಮೆ. ಅವರು ಹೊರಗಿನಿಂದ ಊಟ ತರಿಸಲಿಲ್ಲ. ಇದೇ ಊರಲ್ಲಿ, ಇಷ್ಟೇ ಬಡತನದಲ್ಲಿ ಯಾರ ಮನೆಯ ಮಗು ಗಟ್ಟಿಮುಟ್ಟಾಗಿದೆ ಅಂತ ಹುಡುಕಿದರು. ಅಂಥ ಮನೆಗಳು ಸಿಕ್ಕವು. ಅಲ್ಲಿನ ಅಮ್ಮಂದಿರು ಭತ್ತದ ಗದ್ದೆಯಲ್ಲಿ ಸಿಗುವ ಪುಟಾಣಿ ಸಿಗಡಿ, ಏಡಿ ಆರಿಸಿ ತಂದು ಮಗುವಿನ ಅನ್ನಕ್ಕೆ ಹಾಕುತ್ತಿದ್ದರು. ಗೆಣಸಿನ ಬಳ್ಳಿಯ ಸೊಪ್ಪನ್ನೂ ಹಾಕುತ್ತಿದ್ದರು. ಉಳಿದವರು ಅವೆಲ್ಲ ಮಕ್ಕಳಿಗೆ ಆಗಿಬರುವುದಿಲ್ಲ ಅಂತ ಬಿಟ್ಟಿದ್ದರು. ಉಳಿದ ಮನೆಗಳಲ್ಲಿ ದಿನಕ್ಕೆ ಎರಡು ಸಲ ಊಟ ಆದರೆ, ಇವರು ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ ತಿನ್ನಿಸುತ್ತಿದ್ದರು. ಅಷ್ಟೇ ಗುಟ್ಟು. ಆ ಅಮ್ಮಂದಿರೇ ಬೇರೆ ಅಮ್ಮಂದಿರಿಗೆ ಮಾಡಿ ತೋರಿಸಿದರು. ಬಂದವರು ಒಂದೊಂದು ಹಿಡಿ ಸಿಗಡಿಯೋ ಸೊಪ್ಪೋ ತಾವೇ ತರಬೇಕಿತ್ತು.

'ನಮ್ಮ ಕ್ಯಾಂಪಲ್ಲೂ ಹುಡುಕೋಣವಾ?' ಅಂದೆ.

ಹುಡುಕಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. ರಿಜಿಸ್ಟರಿನಲ್ಲೇ ಇತ್ತು. ಎರಡು ವರ್ಷದ ಒಂದು ಹುಡುಗಿ, ತೋಳು 14ರ ಹತ್ತಿರ. ಅವಳ ಅಪ್ಪ ಅವ್ವನೂ ಅದೇ ಗಾರೆ ಕೆಲಸದವರು, ಕೂಲಿಯೂ ಅಷ್ಟೇ. ಜೇವರ್ಗಿ ಕಡೆಯವರು. ಜೊತೆಗೆ ಅಜ್ಜಿ ಇದ್ದರು, ಕಣ್ಣು ಅಷ್ಟಾಗಿ ಕಾಣದು. ಆ ಅವ್ವನನ್ನು 'ನೀ ಏನ್ ಮಾಡ್ತೀಯವ್ವಾ' ಅಂದರೆ, 'ಏನೂ ಮಾಡಂಗಿಲ್ರಿ' ಅಂದಳು. ಎಲ್ಲರೂ ಹೀಗೇ ಹೇಳುತ್ತಾರೆ. ಅದಕ್ಕೆ ಒಂದು ಮುಂಜಾನೆ ಐದೂವರೆಗೆ ಅವಳ ಶೆಡ್ಡಿಗೇ ಹೋದೆವು.

ರೊಟ್ಟಿ ಬಡಿಯುತ್ತಿದ್ದಳು. ಎಲ್ಲರ ಡಬ್ಬಿಗೆ ತೆಳ್ಳಗಿನ ರೊಟ್ಟಿ ಮುಗಿದ ಮೇಲೆ ಕೊನೆಗೆ ಒಂದು ದಪ್ಪ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಬೆಂದು ಹಬೆ ಆಡುತ್ತಿದ್ದ ಹಾಗೇ ಅದನ್ನು ಮುರಿದು ಒರಳಿಗೆ ಹಾಕಿದಳು. ಎರಡು ಎಸಳು ಬೆಳ್ಳುಳ್ಳಿ, ಉಪ್ಪು, ಒಂದು ಚಿಟಿಕೆ ಜೀರಿಗೆ. ಗಟ್ಟಿ ಬೇಳೆ ಒಂದು ಸೌಟು. ಹುರಿದು ಕುಟ್ಟಿದ ಶೇಂಗಾ ಪುಡಿ ಒಂದು ಮುಷ್ಟಿ. ಮೇಲೆ ಒಂದು ಚಮಚ ಎಣ್ಣೆ. ಕುಟ್ಟಿ ಕುಟ್ಟಿ, ಅಂಗೈಯಲ್ಲಿ ಹಿಚುಕಿ ಉಂಡೆ ಕಟ್ಟಿದಳು. ನಾಲ್ಕು ಉಂಡೆ. ಸ್ಟೀಲ್ ಡಬ್ಬಿಗೆ ಹಾಕಿ ಅಜ್ಜಿಯ ಹಾಸಿಗೆ ಪಕ್ಕ ಇಟ್ಟಳು.

ಅಯ್ಯೋ, ಇದು ನಮ್ಮ ಮುಟಗಿ! ಧಾರವಾಡದಲ್ಲಿ ನಮ್ಮವ್ವ ಹಸಿಮೆಣಸಿನಕಾಯಿ ಹಾಕಿ ಕುಟ್ಟುತ್ತಿದ್ದಳು, ಕಣ್ಣಲ್ಲಿ ನೀರು ಬರುವ ಹಾಗೆ. ಇವಳು ಖಾರ ಬಿಟ್ಟಿದ್ದಳು, ಬೇಳೆ ಶೇಂಗಾ ಸೇರಿಸಿದ್ದಳು. ಕಣ್ಣು ಕಾಣದ ಅಜ್ಜಿಯೂ ಕೊಡಬಹುದು, ಕೂಸು ತಾನೇ ಹಿಡಿದು ತಿನ್ನಬಹುದು. ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಒಂದು ಉಂಡೆ ಮುಂಜಾನೆ, ಒಂದು ಹತ್ತು ಗಂಟೆಗೆ, ಎರಡು ಮಧ್ಯಾಹ್ನ. ಬಿಸ್ಕೀಟಿಗೆ ಇರುವ ಗುಣವೆಲ್ಲ ಇದಕ್ಕೂ ಇತ್ತು.

ಮುಂದಿನ ಭಾನುವಾರ ಚಾಪೆ ಹಾಸಿದ್ದು ಅವಳ ಶೆಡ್ಡಿನ ಮುಂದೆ. ಬರುವವರು ಒಂದೊಂದು ಹಿಡಿ ಶೇಂಗಾನೋ, ಬೇಳೆನೋ, ಹಿಟ್ಟೋ ತರಬೇಕು ಅಂತ ಹೇಳಿದ್ದೆವು. ಈ ಸಲ ಭಾಷಣ ಇರಲಿಲ್ಲ, ಆದ್ದರಿಂದ ನನಗೆ ಅನುವಾದದ ಕೆಲಸವೂ ಇರಲಿಲ್ಲ. ಡಾಕ್ಟರ್ ಎರಡೇ ಮಾತು ಸೇರಿಸಿದರು. ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಕುಟ್ಟಿಯೇ ಕೊಡಿ. ಬೇಳೆಯ ತಿಳಿ ಕಟ್ಟು ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿ ಇರಲಿ. ತತ್ತಿ ತಿನ್ನುವ ಮನೆಯವರು ಕುದಿಸಿದ ತತ್ತಿಯನ್ನೂ ಉಂಡೆಗೆ ಹಿಚುಕಿದರು. ಲಿಂಗಾಯತರ ಮನೆಯವರು ಮುಖ ತಿರುಗಿಸಿ ಕೂತು ಬೆಲ್ಲ ಹಾಕಿ ಕಟ್ಟಿದರು. ಸ್ವಲ್ಪ ಜಗಳವೂ ಆಯಿತು. ಆಗಲಿ.

ಆ ಒಂಬತ್ತು ವರ್ಷದವಳು ಎಲ್ಲರಿಗಿಂತ ಮುಂದೆ ಕೂತಿದ್ದಳು, ತಮ್ಮನನ್ನು ತೊಡೆ ಮೇಲೆ ಕೂರಿಸಿಕೊಂಡು. ಈ ಸಲ ಅವಳ ಅವ್ವನೂ ಬಂದಿದ್ದಳು.

ಅವರಿಬ್ಬರೂ ನಮ್ಮ ಮನೆಗೆ ಬಂದದ್ದು ಅದರ ಮರುವಾರ. ಆಧಾರ್ ಕಾರ್ಡಿನ ಅರ್ಜಿ ತುಂಬಿಸಿಕೊಳ್ಳಲು. ನಾನೇ ಬನ್ನಿ ಅಂದಿದ್ದೆ. ರಾತ್ರಿ ಏಳೂವರೆ. ಬಾಗಿಲು ತೆಗೆದಾಗ ನಮ್ಮ ಮನೆಯಲ್ಲಿ ನಡೆದಿದ್ದು ದಿನಾ ನಡೆಯುವ ನಾಟಕ. ಮಗ ಸೋಫಾದ ಮೇಲೆ. ಅವನಿಗೂ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಎರಡೂ ಕೈಯಲ್ಲಿ ಮೊಬೈಲು. ಪಕ್ಕದಲ್ಲಿ ನಮ್ಮ ಅತ್ತೆ, ತಟ್ಟೆ ಹಿಡಿದು ಚಪಾತಿ ತುಂಡಿನಲ್ಲಿ ಪಲ್ಯ ಬಚ್ಚಿಟ್ಟು ಬಾಯಿಗೆ ಇಡುತ್ತಿದ್ದಾರೆ. ಅವನು ಬಾಯಿ ತೆರೆಯುತ್ತಾನೆ, ಕಣ್ಣು ಸ್ಕ್ರೀನಿನ ಮೇಲೇ.

ಆ ಹುಡುಗಿ ತುಂಬಾ ಹೊತ್ತು ನೋಡುತ್ತಾ ನಿಂತಳು. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, ನಿಜವಾದ ಕಾಳಜಿಯಿಂದ ಕೇಳಿದಳು:

'ಅಕ್ಕಾರ, ಅವನ ಕೈಗೆ ಏನಾಗ್ಯದ್ರಿ?'

ಅವಳ ಅವ್ವ ಅವಳ ತೋಳು ಚಿವುಟಿದಳು. ನಾನು ಅರ್ಜಿಯಲ್ಲಿ ಪಿನ್ ಕೋಡ್ ತಪ್ಪು ಬರೆದೆ.

ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಹತ್ತು ಭಾನುವಾರ ಬೇರೆಯವರ ಮಕ್ಕಳ ತೋಳು ಅಳೆದವಳು ನಾನು. ನನ್ನ ಮಗ ತಿನ್ನುವುದು ನೂಡಲ್ಸು, ಚಪಾತಿ, ಆಲೂಗಡ್ಡೆ, ಮೊಸರನ್ನ. ಇಷ್ಟೇ. ಡಬ್ಬಿಗೆ ಹಾಕಿದ ಸೌತೆಕಾಯಿ ಸಾಯಂಕಾಲ ನೀರು ಬಿಟ್ಟುಕೊಂಡು ವಾಪಸು ಬರುತ್ತದೆ. ಆಫೀಸಿನಿಂದ ಬರುವ ಅಪ್ಪನ ಕೈಯಲ್ಲಿ ಬೇಕರಿಯ ಪ್ಯಾಟೀಸು. 'ಇರ್ಲಿ ಬಿಡೇ, ಹುಡುಗ ದಾರಿ ಕಾಯ್ತಿರ್ತಾನ.' ಅತ್ತೆ ಧಾರವಾಡಕ್ಕೆ ಹೋಗಿ ಬಂದರೆ ಒಂದು ಕಿಲೋ ಫೇಡೆ, ಅದು ಅವನ ಕಪಾಟಿನಲ್ಲೇ ಇರಬೇಕು. ನಾನು? ನಾನು ಹಿಂದೆ ಬಿದ್ದು ತಿನ್ನಿಸುವವಳು. 'ಇದೊಂದು ತುತ್ತು, ಇದು ಅಜ್ಜಿ ತುತ್ತು, ಇದು ಅಪ್ಪನ ತುತ್ತು.' ಮೂರು ಜನ ದೊಡ್ಡವರು, ಒಂದು ಬಾಯಿ. ಅವನ ತೋಳು ಯಾವ ಪಟ್ಟಿಗೂ ಸಿಗದು, ತೂಕ ವಯಸ್ಸಿಗಿಂತ ಮುಂದೆಯೇ ಇದೆ. ಮಗ ಸೊರಗುತ್ತಿಲ್ಲವಲ್ಲ ಅಂತ ಸುಮ್ಮನಿದ್ದೆ.

ಡಾಕ್ಟರಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಎಲಿನ್ ಸ್ಯಾಟರ್ ಅನ್ನುವ ಅಮೆರಿಕದ ಆಹಾರ ತಜ್ಞೆಯ ಒಂದು ಲೆಕ್ಕ ಇದೆಯಂತೆ. ಏನು, ಯಾವಾಗ, ಎಲ್ಲಿ, ಇವು ಮೂರು ದೊಡ್ಡವರ ಕೆಲಸ. ತಿನ್ನಬೇಕಾ ಬೇಡವಾ, ತಿಂದರೆ ಎಷ್ಟು, ಇವೆರಡು ಮಗುವಿನ ಕೆಲಸ. 'ನಿಮ್ಮ ಮನೇಲಿ ಉಲ್ಟಾ ಆಗಿದೆ' ಅಂದರು. ಏನು ಅಡುಗೆ ಅನ್ನುವುದನ್ನು ಮಗ ಹೇಳುತ್ತಾನೆ, ಎಷ್ಟು ತಿನ್ನಬೇಕು ಅನ್ನುವುದನ್ನು ನಾವು ಹೇಳುತ್ತೇವೆ. ಹೌದಲ್ವಾ! 2006ರ ಒಂದು ಅಧ್ಯಯನದ ಬಗ್ಗೆಯೂ ಹೇಳಿದರು. ಪುಟ್ಟ ಮಕ್ಕಳಿಗೆ ಸೂಪು ಕೊಟ್ಟು, 'ಸೂಪು ಮುಗಿಸು' ಅಂತ ಮತ್ತೆ ಮತ್ತೆ ಹೇಳಿದಾಗ ಮಕ್ಕಳು ಕುಡಿದದ್ದು ಕಡಿಮೆ, ಅದನ್ನು ಹಳಿದದ್ದು ಜಾಸ್ತಿ. ಸುಮ್ಮನೆ ಬಿಟ್ಟಾಗ ಹೆಚ್ಚು ಕುಡಿದರು.

ಹೇಳುವುದು ಸುಲಭ. ಮನೆಯಲ್ಲಿ ನಾನು ಇದನ್ನು ಹೇಳಿದ ರಾತ್ರಿ ಅತ್ತೆ ಊಟ ಬಿಟ್ಟರು. 'ನಾ ಉಣಿಸೂದು ಬ್ಯಾಡಂದ್ರ ಬ್ಯಾಡವಾ, ನನಗೇನಾಗಬೇಕಾಗೇತಿ.' ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಈ ಪರಊರಲ್ಲಿ ಅವರಿಗೆ ಮರಾಠಿ ಬರದು, ಲಿಫ್ಟಿನ ಬಟನ್ ಒತ್ತಲು ಹೆದರಿಕೆ. ದಿನದಲ್ಲಿ ಮೊಮ್ಮಗ ಪಕ್ಕ ಕೂರುವುದು ಆ ಅರ್ಧ ಗಂಟೆ ಮಾತ್ರ. ಅದನ್ನೂ ಕಿತ್ತುಕೊಂಡರೆ? ಹಾಗೆಯೇ ಆ ಪ್ಯಾಟೀಸು. ಮನೆಯವರು ಮನೆ ಸೇರುವುದು ಎಂಟು ಗಂಟೆಗೆ, ಮಗ ಒಂಬತ್ತೂವರೆಗೆ ಮಲಗುತ್ತಾನೆ. ಬಾಗಿಲಲ್ಲಿ ಅವನ ಮುಖ ಅರಳುವುದು ಆ ಎಣ್ಣೆ ಕಾಗದದ ಪೊಟ್ಟಣ ನೋಡಿ. ನಾನು ಎದುರಿಸಬೇಕಾದದ್ದು ಮೈದಾಹಿಟ್ಟನ್ನಲ್ಲ, ಇದನ್ನು.

ಕೊನೆಗೆ ಅತ್ತೆಯನ್ನೇ ಕ್ಯಾಂಪಿಗೆ ಕರೆದುಕೊಂಡು ಹೋದೆ. ಒಲ್ಲೆ ಅನ್ನುತ್ತಲೇ ಬಂದವರು ಹತ್ತು ನಿಮಿಷದಲ್ಲಿ ಜೇವರ್ಗಿಯ ಅಜ್ಜಿಯ ಪಕ್ಕ ಕೂತು ಮಾತಿಗೆ ಇಳಿದಿದ್ದರು. ಹದಿನಾರು ವರ್ಷದಲ್ಲಿ ಪುಣೆಯಲ್ಲಿ ಅವರಿಗೆ ಸಿಕ್ಕ ಮೊದಲ ಗೆಳತಿ ಇರಬೇಕು. ಮುಟಗಿಗೆ ಬೆಲ್ಲ ಎಷ್ಟು ಅನ್ನುವುದರ ಮೇಲೆ ಅಲ್ಲೇ ವಾದ. ಮನೆಗೆ ಬಂದವರು, 'ನಾ ಅಂವಗ ಉಣಿಸಂಗಿಲ್ಲ, ಅಂವನ ಕೂಡ ಕೂತು ಉಣ್ತೀನಿ' ಅಂದರು. ಯಾರು ಹೇಳಿಕೊಟ್ಟರೋ. ನಾನಂತೂ ಅಲ್ಲ.

ಮನೆಯವರಿಗೆ ಭಾನುವಾರ ಬೆಳಗ್ಗೆ ಮಂಡೈಯ, ಅಂದರೆ ತರಕಾರಿ ಮಾರುಕಟ್ಟೆಯ ಕೆಲಸ ಕೊಟ್ಟೆ, ಮಗನ ಜೊತೆ. ಐವತ್ತು ರೂಪಾಯಿ ಮಗನ ಕೈಗೆ. ಅವನಿಗೆ ಇಷ್ಟ ಬಂದ ಒಂದು ತರಕಾರಿ, ಒಂದು ಸೊಪ್ಪು. ಮೊದಲ ವಾರ ಅವನು ತಂದದ್ದು ಕೆಂಪು ದಂಟಿನ ಸೊಪ್ಪಿನ ಕಟ್ಟು. 'ಅಮ್ಮಾ, ಅಂಬಾಡಿ!' ನೋಡಿದರೆ ನಮ್ಮ ಪುಂಡಿಪಲ್ಯ. ಅತ್ತೆಯ ಮುಖ ನೋಡಬೇಕಿತ್ತು. ಇಷ್ಟು ವರ್ಷ ಪುಣೆಯಲ್ಲಿ ಪುಂಡಿ ಸಿಗುವುದಿಲ್ಲ ಅಂತ ಕೊರಗುತ್ತಿದ್ದರು, ಹೆಸರು ಗೊತ್ತಿಲ್ಲದೆ. ಅವತ್ತು ಜೋಳದ ನುಚ್ಚು, ಬೇಳೆ ಹಾಕಿ ಪುಂಡಿಪಲ್ಯ ಆಯಿತು. ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಮಗ ತುದಿಬೆರಳಿಗೆ ಅಂಟುವಷ್ಟು ನೆಕ್ಕಿ 'ಹುಳಿ' ಅಂದ. ತಟ್ಟೆ ಸರಿಸಿದ. ನನ್ನ ನಾಲಿಗೆ ತುರಿಸಿತು. ಸುಮ್ಮನಿದ್ದೆ. ಹೊಸ ರುಚಿ ಒಗ್ಗಲು ಮಕ್ಕಳಿಗೆ ಎಂಟೋ ಹತ್ತೋ ಸಲ ತೋರಿಸಬೇಕು, ಕೆಲವರಿಗೆ ಹದಿನೈದೂ ಬೇಕು ಅಂತ ಡಾಕ್ಟರ್ ಹೇಳಿದ್ದರು. ಲೆಕ್ಕ ಬರೆಯುವವಳಲ್ವಾ, ಫ್ರಿಜ್ಜಿನ ಮೇಲೆ ಗೀಟು ಹಾಕುತ್ತಿದ್ದೇನೆ. ಪುಂಡಿಪಲ್ಯಕ್ಕೆ ಈಗ ಆರು ಗೀಟು. ಐದನೇ ಸಲ ರೊಟ್ಟಿಯ ಜೊತೆ ಎರಡು ತುತ್ತು ತಿಂದ. ಆರನೇ ಸಲ ಮತ್ತೆ ಮುಟ್ಟಲಿಲ್ಲ. ಮೊಬೈಲ್ ಊಟದ ಹೊತ್ತಿಗೆ ಅಡುಗೆಮನೆಯ ಡ್ರಾದಲ್ಲಿ, ನಮ್ಮೆಲ್ಲರದೂ. ಪ್ಯಾಟೀಸು ವಾರಕ್ಕೆ ಎರಡಕ್ಕೆ ಇಳಿದಿದೆ. ಮೂರು ಅಂತ ಮಗನ ಲೆಕ್ಕ.

ಕ್ಯಾಂಪಿನ ಸುದ್ದಿ. ಆರನೇ ವಾರ ಆ ಎರಡೂವರೆ ವರ್ಷದವನಿಗೆ ವಾಂತಿಭೇದಿ ಹಿಡಿಯಿತು. ಟ್ಯಾಂಕರ್ ನೀರು, ಮುಚ್ಚಳವಿಲ್ಲದ ಡ್ರಮ್ಮು. ನಾಲ್ಕು ದಿನದಲ್ಲಿ, ಹತ್ತಿದ್ದೆಲ್ಲ ಇಳಿಯಿತು. ಓಆರ್‌ಎಸ್ ಕೊಟ್ಟರು, ಜಿಂಕ್ ಮಾತ್ರೆ ಹದಿನಾಲ್ಕು ದಿನ. ಭೇದಿ ಆದಾಗ ಊಟ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪ ಕೊಡುತ್ತಲೇ ಇರಬೇಕು ಅನ್ನುವುದನ್ನು ಅವನ ಅಪ್ಪನಿಗೆ ಹೇಳಿ ಒಪ್ಪಿಸಲು ನನಗೆ ಒಂದು ಗಂಟೆ ಬೇಕಾಯಿತು. 'ಹೊಟ್ಟಿಗೆ ವಿಶ್ರಾಂತಿ ಬೇಕಲ್ರಿ' ಅಂತ ಅವನ ವಾದ. ಆದರೆ ಅವನು ಆ ಗಂಟೆ ಕೂತು ಕೇಳಿದ. ಮರುದಿನ ಡ್ರಮ್ಮಿಗೆ ತಗಡಿನ ಮುಚ್ಚಳ ಅವನೇ ಕತ್ತರಿಸಿ ಹಾಕಿದ, ಅಕ್ಕಪಕ್ಕದ ಎರಡು ಡ್ರಮ್ಮಿಗೂ. ಆ ಹತ್ತು ರೂಪಾಯಿ ದಿನಾ ಕೊಡುತ್ತಿದ್ದವನೂ ಅವನೇ. ಈಗಲೂ ಕೊಡುತ್ತಾನೆ. ಅದರಲ್ಲಿ ಹುಡುಗಿ ಬಾಳೆಹಣ್ಣು ತರುತ್ತಾಳೆ, ಒಂದೊಂದು ದಿನ ಕುರುಕುರುವನ್ನೂ ತರುತ್ತಾಳೆ. ಅವಳೂ ಒಂಬತ್ತು ವರ್ಷದವಳೇ ತಾನೆ.

ಹತ್ತನೇ ಭಾನುವಾರ ತೋಳು 12.6. ಪೆನ್ನಿನ ಚುಕ್ಕಿ ಇಟ್ಟು ಪಟ್ಟಿ ಸುತ್ತಿದ್ದು ಆ ಹುಡುಗಿಯೇ. ಡಾಕ್ಟರ್ ಇನ್ನೊಮ್ಮೆ ಅಳೆದರು. ಅಷ್ಟೇ ಬಂತು. ಏಳರಲ್ಲಿ ನಾಲ್ಕು ಹಸಿರಿಗೆ ದಾಟಿದವು. ಎರಡು ಹಳದಿಯಲ್ಲೇ ಇವೆ. ಒಂದು ಮಗುವಿನ ಮನೆಯವರು ಎಂಟನೇ ವಾರದಲ್ಲೇ ಬೇರೆ ಸೈಟಿಗೆ ಹೋದರು, ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ರಿಜಿಸ್ಟರಿನಲ್ಲಿ ಅದರ ಹೆಸರಿನ ಮುಂದೆ ಎರಡು ಕಾಲಂ ಖಾಲಿ. ಅಂಗನವಾಡಿಯವರು ಮಕ್ಕಳ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಅಂತ ಆಪ್ ಇದೆ, 2021ರಿಂದ. ಊರು ಬಿಟ್ಟು ಹೋದರೂ ಹೆಸರನ್ನು ಹೊಸ ಜಾಗದ ಅಂಗನವಾಡಿಗೆ ವರ್ಗಾಯಿಸಬಹುದು. ಆದರೆ ಯಾರಾದರೂ ಅಲ್ಲಿಗೆ ಹೋಗಿ ಕೇಳಬೇಕಲ್ಲ. ಈಗ ನಾವು ಎಲ್ಲರಿಗೂ ಹೇಳಿಕೊಡುವ ಮೊದಲ ಮರಾಠಿ ವಾಕ್ಯ 'ಅಂಗನವಾಡಿ ಕುಠೇ ಆಹೆ?' ಅಂಗನವಾಡಿ ಎಲ್ಲಿದೆ ಅಂತ. ಆ ಹುಡುಗಿಗೆ ಬಾಯಿಪಾಠ ಆಗಿದೆ. ಮಳೆಗಾಲ ಮುಗಿದ ಮೇಲೆ ಅವರೂ ಹಿಂಜವಡಿ ಕಡೆಗೆ ಹೋಗುತ್ತಾರಂತೆ.

ಮುಂದಿನ ತಿಂಗಳು ಪಕ್ಕದ ಇನ್ನೊಂದು ಕ್ಯಾಂಪಿನಲ್ಲಿ ಶುರು ಮಾಡುತ್ತಿದ್ದೇವೆ. ಈ ಸಲ ಅಪ್ಪಂದಿರಿಗಾಗಿ ಸಂತೆ ಮುಗಿದ ಮೇಲೆ, ಸಾಯಂಕಾಲ ಐದಕ್ಕೆ. ಅಲ್ಲಿ ತಾಂಡಾದವರೇ ಜಾಸ್ತಿ, ನನಗೆ ಲಂಬಾಣಿ ಬರುವುದಿಲ್ಲ. ಪುಣೆಯಲ್ಲಿದ್ದು ಲಂಬಾಣಿ ಮಾತಾಡಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ. ವಾರಕ್ಕೆ ಎರಡು ಗಂಟೆ ಸಾಕು. ಒರಳು ಕಲ್ಲು ಇದ್ದರೆ ತನ್ನಿ, ನಮ್ಮದು ಒಂದೇ ಇದೆ. ಮಕ್ಕಳಿಗೆ ಅಂತ ಬಿಸ್ಕೀಟು ಮಾತ್ರ ತರಬೇಡಿ.